ಕಳಚಿಟ್ಟ ಬಟ್ಟೆಯ ದಿನಚರಿ

ತೊಟ್ಟ ಬಟ್ಟೆಯನ್ನು ದಿನಕ್ಕೊಂದು ಪುಟದಂತೆ, ಮೊದಲೇ ಗೊತ್ತುಪಡಿಸಿಕೊಂಡ ಅವಧಿಯವರೆಗೆ, ಕೈಯಿಂದ ಚಿತ್ರಿಸಿ, ತಾರೀಖಿನೊಡನೆ ಒಂದೇ ಪುಸ್ತಕದಲ್ಲಿ ಕೂಡಿಸುತ್ತ ಹೋಗುವ ಖಾಸಗಿ ಅಭ್ಯಾಸವನ್ನು ಉಡುಪಿನ ಚಿತ್ರ-ದಿನಚರಿ ಎಂದು ಕರೆಯಬಹುದು. ಇಂಥ ಅಭ್ಯಾಸದ ಬೆಲೆ ಏನು, ಅದು ಯಾವ ನಿಯಮಗಳಿಂದ ನಿಲ್ಲುತ್ತದೆ ಎಂಬುದನ್ನು ಕುರಿತು ಇಬ್ಬರ ನಡುವೆ ನಡೆಯುವ ವಾದವನ್ನು ಇಲ್ಲಿ ನಿರೂಪಿಸಲಾಗಿದೆ. ಒಬ್ಬರು ಒಂದು ವರ್ಷದ ಮಟ್ಟಿಗೆ ಅಂಥ ದಿನಚರಿಯನ್ನು ನಡೆಸಲು ಸಂಕಲ್ಪಿಸಿದವರು. ಮತ್ತೊಬ್ಬರು ವಸ್ತ್ರಗಳ ಇತಿಹಾಸವನ್ನು ಅಭ್ಯಾಸ ಮಾಡಿದವರು, ಆ ಕಾರಣದಿಂದಲೇ ಈ ಸಂಕಲ್ಪವನ್ನು ಶಂಕೆಯಿಂದ ನೋಡುವವರು.

ಸಂಕಲ್ಪಿಸಿದವರು: ಬೆಳಿಗ್ಗೆ ಉಡುಪು ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ತಲೆಯಿಂದ ಪಾದದವರೆಗಿನ ಆಕೃತಿಯನ್ನು ಗೆರೆಗಳಲ್ಲಿ ಹಿಡಿಯುವುದು, ಪಕ್ಕದಲ್ಲಿ ತಾರೀಖನ್ನೂ ಬಟ್ಟೆಯ ಹೆಸರನ್ನೂ ಬರೆಯುವುದು, ಒಂದು ವರ್ಷ ಇದನ್ನು ತಪ್ಪದೆ ನಡೆಸುವುದು, ಇಷ್ಟೇ ಈ ಯೋಜನೆ. ಇದಕ್ಕೆ ಐನೂರು ವರ್ಷಗಳಷ್ಟು ಹಿಂದಿನ ಪೂರ್ವೋದಾಹರಣೆಯೂ ಉಂಟು. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಫುಗ್ಗರ್ ಮನೆತನದ ವ್ಯಾಪಾರ ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಮಥೇಯುಸ್ ಶ್ವಾರ್ಟ್ಸ್ ಎಂಬಾತ 1520ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತಾನು ತೊಟ್ಟ ಉಡುಪುಗಳ ಚಿತ್ರಪುಸ್ತಕವೊಂದನ್ನು ಆರಂಭಿಸಿ 1560ರವರೆಗೂ ಅದನ್ನು ಬೆಳೆಸಿದನು. 137 ಚಿತ್ರಗಳುಳ್ಳ ಆ ಹಸ್ತಪ್ರತಿ ಈಗ ಬ್ರೌನ್‌ಷ್ವೈಗ್ ನಗರದ ಹೆರ್ಜೋಗ್ ಆಂಟನ್ ಉಲ್ರಿಖ್ ಸಂಗ್ರಹಾಲಯದಲ್ಲಿದೆ. ಒಬ್ಬ ಸಾಮಾನ್ಯ ನಾಗರಿಕ ತನ್ನ ಬಟ್ಟೆಗಳ ಮೂಲಕವೇ ತನ್ನ ಬದುಕನ್ನು ಬರೆದಿಡಬಲ್ಲನೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ದೊರೆಯುವುದು ಕಷ್ಟ.

ಶಂಕಿಸಿದವರು: ಆ ಸಾಕ್ಷಿಯನ್ನು ಹತ್ತಿರದಿಂದ ನೋಡಿದರೆ ಅದು ಈ ಯೋಜನೆಗೆ ಆಧಾರವಾಗುವುದಕ್ಕಿಂತ ಎಚ್ಚರಿಕೆಯಾಗುವುದೇ ಹೆಚ್ಚು. ಮೊದಲನೆಯದಾಗಿ ಆ ಚಿತ್ರಗಳನ್ನು ಶ್ವಾರ್ಟ್ಸ್ ಬರೆಯಲಿಲ್ಲ. ಅವುಗಳಲ್ಲಿ ಹೆಚ್ಚಿನವು ನಾರ್ಸಿಸ್ ರೆನ್ನರ್ ಎಂಬ ಚಿತ್ರಕಾರನಿಂದ ಹಣ ಕೊಟ್ಟು ಬರೆಸಿದವು. ಎರಡನೆಯದಾಗಿ, ನಲವತ್ತು ವರ್ಷಗಳಿಗೆ 137 ಚಿತ್ರಗಳೆಂದರೆ ವರ್ಷಕ್ಕೆ ಸರಾಸರಿ ಮೂರೋ ನಾಲ್ಕೋ ಆಯಿತು, ಅವುಗಳಲ್ಲಿ ಕೆಲವು ಆತನ ಹುಟ್ಟು ಮತ್ತು ಬಾಲ್ಯವನ್ನು ಕೇಳಿದ್ದರ ಮತ್ತು ನೆನಪಿನ ಆಧಾರದ ಮೇಲೆ ಹಿಂದಕ್ಕೆ ಹೋಗಿ ಚಿತ್ರಿಸಿದವು. ಪುಟಗಳಲ್ಲಿ ಕಾಣಿಸಿಕೊಂಡದ್ದು ಹೊಸದಾಗಿ ಹೊಲಿಸಿದ, ವಿಶೇಷ ಸಂದರ್ಭಕ್ಕಾಗಿ ತೊಟ್ಟ ಉಡುಪು. 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಾಮ್ರಾಜ್ಯದ ಮಹಾಸಭೆ ಸೇರಿದಾಗ ಆತ ಕೆಂಪು ಹಳದಿ ಬಣ್ಣಗಳ ಅತಿ ಬೆಡಗಿನ ಉಡುಪನ್ನು ಹೊಲಿಸಿಕೊಂಡನು. ಅದೇ ಸಭೆಯಲ್ಲಿ ಹೊರಟ ಶಾಸನವೊಂದು ಯಾವ ಅಂತಸ್ತಿನವರು ಯಾವ ಬಗೆಯ ಬಟ್ಟೆ, ತುಪ್ಪುಳ, ಒಡವೆ ತೊಡಬಹುದೆಂದು ವಿಧಿಸಿತು. ಉಡುಪಿನ ಮೂಲಕ ಅಂತಸ್ತನ್ನು ಅಳೆಯುತ್ತಿದ್ದ ಆ ಕಾಲದಲ್ಲಿ ಶ್ವಾರ್ಟ್ಸ್‌ನ ಪುಸ್ತಕ ಏರುವ ಅಂತಸ್ತಿನ ದಾಖಲೆಯಾಗಿತ್ತು. ಕನ್ನಡಿಯ ಮುಂದೆ ನಿಂತು ಚಿತ್ರಿಸುವ ಯೋಜನೆಯೂ ಅದೇ ದಾರಿಗೆ ಬೀಳುವ ಸಂಭವ ಉಂಟು. ಚಿತ್ರಕ್ಕೆ ಯೋಗ್ಯವಾದ ಬಟ್ಟೆಯನ್ನು ಹುಡುಕಿ ತೊಡುವ ಅಭ್ಯಾಸ ಬೆಳೆದು, ದಿನಚರಿ ದಿನವನ್ನು ಬರೆಯುವ ಬದಲು ದಿನವೇ ದಿನಚರಿಗಾಗಿ ಸಿಂಗರಿಸಿಕೊಳ್ಳತೊಡಗುತ್ತದೆ.

ಸಂಕಲ್ಪಿಸಿದವರು: ಶ್ವಾರ್ಟ್ಸ್‌ನನ್ನು ಅಷ್ಟಕ್ಕೇ ಬಿಡುವುದು ನ್ಯಾಯವಲ್ಲ. ಬೆಡಗಿಗಾಗಿಯೇ ಪುಸ್ತಕ ಮಾಡಿಸಿದವನು 1526ರ ಜುಲೈ ತಿಂಗಳಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಮೈ ದಪ್ಪವಾಗಿದೆಯೆಂದು ದಾಖಲಿಸುವುದಕ್ಕಾಗಿ ಬಟ್ಟೆಯೇ ಇಲ್ಲದ ತನ್ನ ಮುಂಭಾಗವನ್ನೂ ಹಿಂಭಾಗವನ್ನೂ ಎರಡು ಚಿತ್ರಗಳಲ್ಲಿ ಬರೆಸುತ್ತಿರಲಿಲ್ಲ. 1549ರಲ್ಲಿ ಪಾರ್ಶ್ವವಾಯು ಬಡಿದ ಮೇಲಿನ ಸ್ಥಿತಿಯನ್ನೂ ಆತ ಮರೆಮಾಚಲಿಲ್ಲ. ಪುಸ್ತಕದ ಕೊನೆಯ ಚಿತ್ರ 1560ರಲ್ಲಿ ಆ ವ್ಯಾಪಾರ ಮನೆತನದ ಆಂಟನ್ ಫುಗ್ಗರ್ ತೀರಿಕೊಂಡಾಗ ಧರಿಸಿದ ಶೋಕದ ಉಡುಪಿನದು. ವಯಸ್ಸನ್ನು ವರ್ಷ, ತಿಂಗಳು, ದಿನಗಳ ಲೆಕ್ಕದಲ್ಲಿ ಬರೆಯುವ ಅವನ ರೀತಿಯಲ್ಲಿ ಲೆಕ್ಕಿಗನ ಶಿಸ್ತು ಎದ್ದು ಕಾಣುತ್ತದೆ. ಆತ ಇಟಲಿಯಲ್ಲಿ ಲೆಕ್ಕಪತ್ರದ ವಿದ್ಯೆಯನ್ನು ಕಲಿತು, ಆ ವಿಷಯವನ್ನು ಕುರಿತು 1518ರಲ್ಲಿ ಒಂದು ಕೈಬರಹದ ಗ್ರಂಥವನ್ನೂ ರಚಿಸಿದ್ದವನು. ತನ್ನ ಒಡೆಯ ಯಾಕೋಬ್ ಫುಗ್ಗರ್‌ನ ಕಚೇರಿಯಲ್ಲಿ ದೊಡ್ಡ ಲೆಕ್ಕದ ಪುಸ್ತಕದ ಮುಂದೆ ತಾನು ಕುಳಿತಿರುವ, ಗೋಡೆಯ ಮೇಲಿನ ಸೆಳೆಖಾನೆಗಳ ಮೇಲೆ ಬೇರೆ ಬೇರೆ ನಗರಗಳ ಹೆಸರುಗಳಿರುವ ಚಿತ್ರವನ್ನೂ ಇದೇ ಉಡುಪಿನ ಪುಸ್ತಕದಲ್ಲಿ ಸೇರಿಸಿದನು. ಲೆಕ್ಕ ಬರೆಯುವ ಕೈಗೆ ಬಟ್ಟೆಯೂ ಲೆಕ್ಕಕ್ಕೆ ಬರುವ ವಸ್ತುವಾಗಿ ಕಂಡಿತೆಂದರೆ ಅದು ಗೌರವಿಸಬೇಕಾದ ಪ್ರಾಮಾಣಿಕತೆ.

ಶಂಕಿಸಿದವರು: ಆ ಪ್ರಾಮಾಣಿಕತೆಯನ್ನು ಒಪ್ಪಬಹುದು. ಆದರೆ ಶ್ವಾರ್ಟ್ಸ್ ಬಲ್ಲ ಲೆಕ್ಕಪದ್ಧತಿಯ ಮೂಲಸೂತ್ರವೆಂದರೆ ಪ್ರತಿಯೊಂದು ವ್ಯವಹಾರವನ್ನೂ ಜಮಾ ಮತ್ತು ಖರ್ಚು ಎಂಬ ಎರಡು ಬದಿಗಳಲ್ಲಿ ಬರೆಯಬೇಕೆಂಬುದು, ಮತ್ತು ಅವನ ಉಡುಪಿನ ಪುಸ್ತಕದಲ್ಲಿ ಒಂದೇ ಬದಿ ಇದೆ. ಉಡುಪು ಮನೆಗೆ ಬಂದದ್ದು, ಮೈಯೇರಿದ್ದು ಅಲ್ಲಿ ದಾಖಲಾಗಿದೆ. ಅದು ಬಣ್ಣಗೆಟ್ಟದ್ದು, ಮೊಣಕೈಯಲ್ಲಿ ಸವೆದದ್ದು, ತೇಪೆ ಹಾಕಿಸಿಕೊಂಡದ್ದು, ಕೊನೆಗೆ ಯಾರ ಪಾಲಾಯಿತೆಂಬುದು ಆ ಪುಟಗಳಿಗೆ ಬರಲಿಲ್ಲ. ಇದು ಅವನೊಬ್ಬನ ಕೊರತೆಯಲ್ಲ. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳಾದ ಬಾರ್ಬರಾ ಜಾನ್ಸನ್ 1746ರಿಂದ 1823ರವರೆಗೆ ತನ್ನ ಉಡುಪುಗಳ ಬಟ್ಟೆಯಿಂದ ಸಣ್ಣ ತುಣುಕುಗಳನ್ನು ಕತ್ತರಿಸಿ, ಹಿಂದೆ ಲೆಕ್ಕ ಬರೆಯಲು ಬಳಸಿದ್ದ ಪುಸ್ತಕವೊಂದರ ಹಾಳೆಗಳಿಗೆ ಸೂಜಿಯಿಂದ ಚುಚ್ಚಿಟ್ಟು, ಬಟ್ಟೆಯ ಬಗೆ, ಅಳತೆ, ಬೆಲೆಗಳನ್ನು ಪಕ್ಕದಲ್ಲಿ ಬರೆದಳು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಆ ಪುಸ್ತಕ ಹದಿನೆಂಟನೆಯ ಶತಮಾನದ ಬಟ್ಟೆಗಳ ಬಗೆಗೆ ಬೇರೆಲ್ಲೂ ದೊರೆಯದಷ್ಟು ವಿವರ ನೀಡುತ್ತದೆ. ಆದರೂ ಅಲ್ಲಿ ಉಳಿದಿರುವುದು ತೊಡದೆ ಉಳಿದ ಬಟ್ಟೆಯ ತುಣುಕು. ಒಗೆತಕ್ಕೂ ಬಿಸಿಲಿಗೂ ಸಿಕ್ಕದ ಕಾರಣದಿಂದಲೇ ಅದರ ಬಣ್ಣ ಇಂದಿಗೂ ನಿಂತಿದೆ. ಸಂಗ್ರಹಾಲಯಗಳ ಕಪಾಟುಗಳಲ್ಲೂ ಮದುವೆಯ ರೇಷ್ಮೆ ಉಳಿಯುತ್ತದೆ, ಅಡುಗೆಮನೆಯಲ್ಲಿ ನಿತ್ಯ ಉಟ್ಟ ಹತ್ತಿಯ ಸೀರೆ ಉಳಿಯುವುದು ಅಪರೂಪ. ಹೊಸ ಯೋಜನೆಯೊಂದು ಈ ಕೊರತೆಯನ್ನು ತುಂಬದೆ ಇರುವುದಾದರೆ ಅದಕ್ಕೆ ಒಂದು ವರ್ಷದ ಶ್ರಮವನ್ನು ಕೊಡುವುದೇಕೆ?

ಸಂಕಲ್ಪಿಸಿದವರು: ಹಾಗಾದರೆ ಸವೆತವನ್ನು ಚಿತ್ರಿಸಿದವರೂ ಇದ್ದಾರೆಂಬುದನ್ನು ಇಲ್ಲಿ ನೆನೆಯಬೇಕು. ಜಪಾನಿನ ಕೊನ್ ವಾಜಿರೊ ಹಳ್ಳಿಯ ಮನೆಗಳ ರಚನೆಯನ್ನು ಅಭ್ಯಾಸ ಮಾಡುತ್ತಿದ್ದ ವಿದ್ವಾಂಸ. 1923ರ ಸೆಪ್ಟೆಂಬರಿನ ಭೂಕಂಪದಲ್ಲಿ ಟೋಕಿಯೊ ನಗರ ನಾಶವಾಗಿ, ಜನ ಮತ್ತೆ ಮೊದಲಿನಿಂದ ಬದುಕು ಕಟ್ಟಿಕೊಳ್ಳುತ್ತಿದ್ದುದನ್ನು ಕಂಡಾಗ, ಪ್ರಾಚೀನ ಅವಶೇಷಗಳನ್ನು ಅಗೆದು ನೋಡುವಷ್ಟೇ ಶ್ರದ್ಧೆಯಿಂದ ಕಣ್ಣೆದುರಿನ ಬದುಕನ್ನೂ ನೋಡಿ ದಾಖಲಿಸಬೇಕೆಂಬ ವಿಚಾರ ಆತನಲ್ಲಿ ಬಲಿಯಿತು. 1925ರಲ್ಲಿ ಟೋಕಿಯೊದ ಗಿಂಜಾ ಬೀದಿಯಲ್ಲಿ ಆತ ಸಂಗಡಿಗರೊಡನೆ ನಡೆಸಿದ ಎಣಿಕೆ ಪ್ರಸಿದ್ಧವಾಗಿದೆ. ಅಲ್ಲಿ ನಡೆದುಹೋದ ಗಂಡಸರಲ್ಲಿ ನೂರಕ್ಕೆ 67 ಮಂದಿ ಪಾಶ್ಚಾತ್ಯ ಉಡುಪಿನಲ್ಲಿದ್ದರು, ಹೆಂಗಸರಲ್ಲಿ ನೂರಕ್ಕೆ 99 ಮಂದಿ ಜಪಾನೀ ಉಡುಪಿನಲ್ಲೇ ಇದ್ದರು. ಅಂಕಿಗಳಿಗಿಂತಲೂ ಅಮೂಲ್ಯವಾದವು ಆ ಸಮೀಕ್ಷೆಗಳ ಚಿತ್ರಗಳು; ಕೊರಳಪಟ್ಟಿ, ಟೋಪಿ, ಮೀಸೆ, ಪಾದರಕ್ಷೆಗಳೆಲ್ಲವನ್ನೂ ಬೇರೆ ಬೇರೆಯಾಗಿ ಬಿಡಿಸಿ, ಯಾವುದಕ್ಕೂ ಹೆಚ್ಚು ಕಡಿಮೆಯ ಮಾನವಿಲ್ಲದಂತೆ ಅವುಗಳಲ್ಲಿ ತೋರಿಸಲಾಗಿದೆ. ಅದೇ ಗುಂಪಿನವರು ಪಾಶ್ಚಾತ್ಯ ಉಡುಪು ಯಾವ ಯಾವ ಜಾಗದಲ್ಲಿ ಹರಿಯುತ್ತದೆಂಬುದನ್ನು ಒಂದು ಆಕೃತಿಯ ಮೇಲೆ ಗುರುತು ಮಾಡಿ ತೋರಿಸಿದರು, ಊಟದ ಮನೆಯ ಬಟ್ಟಲುಗಳು ಎಲ್ಲೆಲ್ಲಿ ಚೂರೆದ್ದಿವೆ ಎಂಬುದನ್ನೂ ಚಿತ್ರಿಸಿದರು. ಹರಿದ ಜಾಗವನ್ನು ನಕ್ಷೆಯಾಗಿ ಮಾಡಬಹುದೆಂಬ ಆ ಯೋಚನೆಯನ್ನು ಈ ಯೋಜನೆಗೂ ತರಬಹುದು.

ಶಂಕಿಸಿದವರು: ತರುವುದಾದರೆ ಸಮಯವನ್ನೇ ಬದಲಿಸಬೇಕಾಗುತ್ತದೆ. ಬೆಳಿಗ್ಗೆ ಇಸ್ತ್ರಿಯಿಂದ ಇಳಿದ ಅಂಗಿಯಲ್ಲಿ ಆ ದಿನದ ಯಾವ ಗುರುತೂ ಇಲ್ಲ. ಸಂಜೆ ಅದನ್ನು ಕಳಚಿದಾಗ, ಒಗೆಯುವ ಬಟ್ಟೆಗಳ ಬುಟ್ಟಿಗೆ ಹಾಕುವ ಮುನ್ನ, ದಿನದ ಕೆಲಸವೆಲ್ಲ ಅದರ ಮೇಲೆ ಇರುತ್ತದೆ. ಇದಕ್ಕೆ ವಸ್ತುವಿನ ಸ್ವಭಾವವೇ ಕಾರಣ. ಹತ್ತಿಯ ನಾರು ಸೆಲ್ಯುಲೋಸ್ ಎಂಬ ಉದ್ದ ಸರಪಣಿಗಳಂಥ ಅಣುಗಳಿಂದಾದದ್ದು. ಆ ಸರಪಣಿಗಳನ್ನು ಒಂದಕ್ಕೊಂದು ಹಿಡಿದಿರುವ ದುರ್ಬಲ ಬಂಧಗಳು ಬೆವರಿನ ತೇವಕ್ಕೂ ಮೈಯ ಬಿಸಿಗೂ ಬಿಚ್ಚಿಕೊಂಡು, ಬಟ್ಟೆ ಮಡಿಚಿರುವ ಸ್ಥಿತಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಮೊಣಕೈಯ ಒಳಮಗ್ಗುಲಲ್ಲಿ, ಮೊಣಕಾಲಿನ ಹಿಂದೆ, ಕುಳಿತಾಗ ಮಡಿಚುವ ತೊಡೆಯ ಸಂದಿನಲ್ಲಿ ಸುಕ್ಕುಗಳು ನಿಂತುಬಿಡುವುದು ಹೀಗೆ. ದಿನವಿಡೀ ಕುಳಿತು ಬರೆದವರ ಅಂಗಿಯ ಸುಕ್ಕು ಒಂದು ಬಗೆಯದು, ಬಸ್ಸಿನ ಕಂಬಿ ಹಿಡಿದು ನಿಂತವರ ತೋಳಿನ ಸುಕ್ಕು ಬೇರೊಂದು ಬಗೆಯದು. ಬೆಳಗಿನ ಚಿತ್ರ ಉಡುಪಿನ ಉದ್ದೇಶವನ್ನು ಹೇಳುತ್ತದೆ, ಸಂಜೆಯ ಚಿತ್ರ ಅದರ ಬಳಕೆಯನ್ನು ಹೇಳುತ್ತದೆ. ಉದ್ದೇಶದ ದಾಖಲೆಗಳು ಶ್ವಾರ್ಟ್ಸ್‌ನ ಕಾಲದಿಂದ ಇಲ್ಲಿಯವರೆಗೆ ಸಾಕಷ್ಟಿವೆ.

ಸಂಕಲ್ಪಿಸಿದವರು: ಇದು ಯೋಜನೆಯ ಬುಡವನ್ನೇ ಕದಲಿಸುವ ಸಲಹೆ, ಆದರೂ ಒಪ್ಪದಿರುವುದು ಕಷ್ಟ. ಕನ್ನಡಿಯೂ ಮುಖವೂ ಪುಸ್ತಕದಿಂದ ಹೊರಗುಳಿಯುವುದರಿಂದ ಆತ್ಮಪ್ರದರ್ಶನದ ಆಪಾದನೆಯೂ ತಾನಾಗಿ ಸಡಿಲವಾಗುತ್ತದೆ. ಆದರೆ ಒಂದು ತೊಡಕು ಉಳಿಯುತ್ತದೆ. ಅಂಗಿಯನ್ನು ಗೂಟಕ್ಕೆ ನೇತುಹಾಕಿದರೂ ಹೆಗಲಿನ ಆಕಾರ ಸ್ವಲ್ಪ ಉಳಿದೀತು, ಸೀರೆ ಹಾಗಲ್ಲ. ಬಿಚ್ಚಿದ ಕೂಡಲೇ ಅದು ಮತ್ತೆ ಉದ್ದನೆಯ ಬಟ್ಟೆಯೇ ಆಗಿಬಿಡುತ್ತದೆ, ಮೈಮೇಲೆ ಇದ್ದಾಗಿನ ನಿಲುವು ಚಿತ್ರಕ್ಕೆ ಸಿಗುವುದಿಲ್ಲ.

ಶಂಕಿಸಿದವರು: ನಿಲುವು ಸಿಗದಿದ್ದರೂ ಅದರ ಗುರುತುಗಳು ಸಿಗುತ್ತವೆ. ನೆರಿಗೆ ಹಿಡಿದು ಸಿಕ್ಕಿಸಿದ ಜಾಗದಲ್ಲಿ ಒತ್ತಾದ ಅಡ್ಡಮಡಿಕೆಗಳು, ಪಿನ್ನು ಚುಚ್ಚಿದ ತೂತು, ನೆಲಕ್ಕೆ ತಾಗಿ ಮಾಸಿದ ಅಂಚು, ಸೆರಗಿನ ತುದಿಯಲ್ಲಿ ಕೈ ಒರೆಸಿದ ಕಲೆ, ಇವೆಲ್ಲವೂ ಹಾಸಿಟ್ಟ ಸೀರೆಯಲ್ಲೇ ಸ್ಪಷ್ಟವಾಗಿ ಓದಲು ಬರುವಂಥವು. ಅದಲ್ಲದೆ ಉಟ್ಟಾಗ ಮರೆಯಾಗುವ ರಚನೆ ಬಿಚ್ಚಿದಾಗ ಕಾಣುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳೂ ಸೆರಗಿನ ಹಾಸಿನ ಎಳೆಗಳೂ ಬೇರೆಬೇರೆಯಾಗಿದ್ದು, ನೇಕಾರರು ಅವನ್ನು ಕುಣಿಕೆಗಳಿಂದ ಒಂದಕ್ಕೊಂದು ಕೂಡಿಸಿ ನೇಯುತ್ತಾರೆ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ, ಹೊಕ್ಕು ಎಂದರೆ ಅಡ್ಡಲಾಗಿ ಲಾಳಿಯಿಂದ ಓಡುವ ಎಳೆ. ಆ ಕೂಡುಗೆರೆಯನ್ನು ಒಮ್ಮೆ ಕೈಯಿಂದ ಬರೆದವರಿಗೆ, ಕೆಂಪು ಸೆರಗು ಎಲ್ಲಿಂದ ಆರಂಭವಾಗುತ್ತದೆ, ಒಡಲಿನ ಬಣ್ಣ ಅಲ್ಲಿ ಏಕೆ ಥಟ್ಟನೆ ನಿಲ್ಲುತ್ತದೆ ಎಂಬುದು ಮುಂದೆ ಮರೆಯುವ ಮಾತಲ್ಲ. ಹಾಗೆಯೇ ಅವಸರದಲ್ಲಿ ಕಳಚಿದ ಅಂಗಿ ಒಳಮೈ ಹೊರಗಾಗಿ ಬಿದ್ದಿದ್ದರೆ ಅದನ್ನು ಹಾಗೆಯೇ ಚಿತ್ರಿಸುವುದು ಲೇಸು, ಹೊಲಿಗೆಯ ಅಂಚು, ಮಡಿಚಿ ಹೊಲಿದ ಪಟ್ಟಿ, ಯಂತ್ರದ ಕಸೂತಿಯ ಹಿಂಬದಿಯ ಸಿಕ್ಕು ಎಲ್ಲ ಅಲ್ಲಿ ಬಯಲಾಗುತ್ತವೆ. ಧಾರವಾಡ ಸೀಮೆಯ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಗಂಟು ಹಾಕದೆ, ಎಳೆ ಎಣಿಸಿ, ಎರಡು ಬದಿಗೂ ಒಂದೇ ರೂಪ ಬರುವಂತೆ ಹಾಕುವಂಥವು. ಅಂಥ ಕುಪ್ಪಸದ ಒಳಮೈಯನ್ನು ಚಿತ್ರಿಸಿದಾಗ ಮಾತ್ರ ಕಸೂತಿ ಹಾಕಿದ ಕೈಗಳ ಶ್ರಮಕ್ಕೆ ತಕ್ಕ ಮರ್ಯಾದೆ ಸಂದಂತಾಗುತ್ತದೆ.

ಶಂಕಿಸಿದವರೇ ಇಷ್ಟು ಹೇಳಿದ ಮೇಲೂ ಅವರಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ಸುಕ್ಕನ್ನೂ ಕಲೆಯನ್ನೂ ಒಂದು ಕ್ಷಣದಲ್ಲಿ, ಹೆಚ್ಚು ನಿಖರವಾಗಿ ಹಿಡಿಯಬಲ್ಲ ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿರುವಾಗ ಚಿತ್ರ ಬರೆಯುವ ಅಗತ್ಯವೇನೆಂದು ಅವರು ಕೇಳಿದರು.

ಸಂಕಲ್ಪಿಸಿದವರು: ಛಾಯಾಚಿತ್ರಕ್ಕೆ ಅಂಗಿಯನ್ನು ತಿಳಿದುಕೊಳ್ಳುವ ಅಗತ್ಯವಿಲ್ಲ, ಚಿತ್ರಕ್ಕೆ ಉಂಟು. ವಸ್ತುವಿನ ಹೊರ ಅಂಚನ್ನೂ ಮೇಲ್ಮೈಯ ಮಡಿಕೆಗಳನ್ನೂ ಕಣ್ಣಿನಿಂದ ನಿಧಾನವಾಗಿ ಹಿಂಬಾಲಿಸುತ್ತ, ಕಾಗದವನ್ನು ಆದಷ್ಟು ಕಡಿಮೆ ನೋಡುತ್ತ ಗೆರೆ ಎಳೆಯುವ ವಿಧಾನವನ್ನು ಬಾಹ್ಯರೇಖಾ ಚಿತ್ರಣವೆನ್ನುತ್ತಾರೆ. ಕಲಾಶಾಲೆಗಳಲ್ಲಿ ಆರಂಭದ ದಿನಗಳಲ್ಲೇ ಇದನ್ನು ಕಲಿಸುತ್ತಾರೆ. ಈ ವಿಧಾನದಲ್ಲಿ ತೋಳು ಹೆಗಲನ್ನು ಎಲ್ಲಿ ಸೇರುತ್ತದೆಂದು ತಿಳಿಯದೆ ಗೆರೆ ಮುಂದಕ್ಕೆ ಹೋಗದು. ಒಂದು ಬಟ್ಟೆ ಸೊಂಟದಿಂದ ಅಲೆಯಂತೆ ಇಳಿಯುತ್ತದೆ, ಇನ್ನೊಂದು ಬಿರುಸಾಗಿ ನಿಲ್ಲುತ್ತದೆ. ಮೊದಲನೆಯದನ್ನು ಎಳೆಗಳಿಗೆ ಓರೆಯಾಗಿ ಕತ್ತರಿಸಿದೆ, ಎರಡನೆಯದನ್ನು ಹಾಸಿನ ನೇರಕ್ಕೆ ಕತ್ತರಿಸಿದೆ ಎಂಬುದು ಮಡಿಕೆಗಳನ್ನು ಬರೆಯುವಾಗ ಕೈಗೆ ತಿಳಿಯುತ್ತದೆ. ಜೀನ್ಸ್ ಬಟ್ಟೆ ಮೊಣಕಾಲಿನ ಬಳಿ ಬಿಳಿಚುವುದು ಎಲ್ಲರೂ ಕಂಡ ಸಂಗತಿ. ನೀಲಿ ಬಣ್ಣ ನೂಲಿನ ಹೊರಸುತ್ತಿನಲ್ಲಿ ಮಾತ್ರ ನಿಂತು ಒಳತಿರುಳು ಬಿಳಿಯಾಗಿಯೇ ಉಳಿದಿರುವುದರಿಂದ ಉಜ್ಜಿದ ಜಾಗದಲ್ಲೆಲ್ಲ ತಿರುಳು ಹೊರಬರುತ್ತದೆ. ಆ ಬಿಳಿಯ ವ್ಯಾಪ್ತಿಯನ್ನು ತಿಂಗಳು ತಿಂಗಳು ಒಂದೇ ಅಳತೆಯಲ್ಲಿ ಬರೆದಿಟ್ಟರೆ ಬಟ್ಟೆಯ ಆಯುಸ್ಸನ್ನು ಅಳೆಯುವ ಒಂದು ಮಾಪಕವೇ ದೊರೆತಂತೆ. ಒಂದೇ ಅಂಗಿಯನ್ನು ಹಲವು ಬಾರಿ ಬರೆಯಬೇಕಾಗಿ ಬರುವುದು ಈ ಯೋಜನೆಯ ಬೇಸರವೆಂದು ಮೊದಲು ತೋರಬಹುದು. ವಾಸ್ತವದಲ್ಲಿ ಅದೇ ಇದರ ಸಾರ. ಮೊದಲ ಬಾರಿ ಬಣ್ಣ, ಎರಡನೆಯ ಬಾರಿ ಗುಂಡಿ ಕಾಣುತ್ತದೆ. ಕತ್ತಿನ ಪಟ್ಟಿಯ ಮಡಿಕೆಯ ಮೇಲೆ ನೂಲು ತೆಳುವಾಗಿರುವುದು ಎಷ್ಟೋ ಬಾರಿ ಬರೆದ ಮೇಲೆ ಕಣ್ಣಿಗೆ ಬೀಳುತ್ತದೆ.

ಶಂಕಿಸಿದವರು: ಬೇಸರವನ್ನು ಅಷ್ಟು ಸುಲಭವಾಗಿ ದಾಟಲಾಗದು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1951ರಿಂದ ಐದು ದಶಕಗಳಿಗೂ ಹೆಚ್ಚು ಕಾಲ ಪತ್ರಿಕೆಗಾಗಿ ನಿತ್ಯವೆಂಬಂತೆ ವ್ಯಂಗ್ಯಚಿತ್ರ ಬರೆದರು. ಅದೇ ಚೌಕಳಿ ಕೋಟು, ಅದೇ ಧೋತರ ತೊಟ್ಟ ಶ್ರೀಸಾಮಾನ್ಯ ಅವರ ಕೈಯಲ್ಲಿ ಸಾವಿರಾರು ಬಾರಿ ಮೂಡಿದನು. ಆದರೆ ಅವರ ಬೆನ್ನಹಿಂದೆ ಮುದ್ರಣದ ಗಡುವು ಇತ್ತು, ಮರುದಿನ ಬೆಳಿಗ್ಗೆ ಚಿತ್ರಕ್ಕಾಗಿ ಕಾಯುವ ಓದುಗರಿದ್ದರು. ಯಾರೂ ಕೇಳದ, ಯಾರಿಗೂ ತೋರಿಸಬೇಕಾಗಿಲ್ಲದ ದಿನಚರಿಗೆ ಅಂಥ ಒತ್ತಾಸೆ ಎಲ್ಲಿಂದ ಬರಬೇಕು?

ಸಂಕಲ್ಪಿಸಿದವರು: ನಿಯಮವನ್ನು ಚಿಕ್ಕದಾಗಿಡುವುದರಿಂದ ಬರಬೇಕು. ಒಂದು ದಿನಕ್ಕೆ ಒಂದೇ ಬಟ್ಟೆ, ಒಂದೇ ಪುಟ, ನೀರಿಗೆ ಕರಗದ ಶಾಯಿಯ ಒಂದೇ ಲೇಖನಿ, ಇಪ್ಪತ್ತು ನಿಮಿಷ. ಪೆನ್ಸಿಲ್ಲು ಬೇಡ, ಅಳಿಸಲು ಬರುವುದಾದರೆ ಇಪ್ಪತ್ತು ನಿಮಿಷ ಒಂದು ಗಂಟೆಯಾಗುತ್ತದೆ. ಬಟ್ಟೆ ಬದಲಿಸುವುದು ಪ್ರತಿದಿನ ತಾನಾಗಿ ನಡೆದೇ ನಡೆಯುವ ಕೆಲಸವಾದ್ದರಿಂದ ಚಿತ್ರವನ್ನು ಅದಕ್ಕೇ ಕಟ್ಟಿಬಿಟ್ಟರೆ ಬೇರೆ ಜ್ಞಾಪನೆಯ ಅಗತ್ಯ ಬೀಳದು. ಉಡುಪನ್ನೆಲ್ಲ ಚಿತ್ರಿಸುವ ಹಟ ಹಿಡಿದವರು ಮೂರನೆಯ ವಾರದಲ್ಲಿ ಸೋಲುತ್ತಾರೆಂಬ ಭಯ ಇದ್ದೇ ಇದೆ. ಆ ದಿನ ಹೆಚ್ಚು ದುಡಿದ ಬಟ್ಟೆ ಯಾವುದೋ ಅದೊಂದನ್ನು ಆರಿಸಿಕೊಂಡರೆ ಸಾಕು. ಜ್ವರ ಬಂದು ಮಲಗಿದ ದಿನ ಪುಟದ ಮೇಲೆ ತಾರೀಖನ್ನೂ ಬಟ್ಟೆಯ ಹೆಸರನ್ನೂ ಬರೆದು ಉಳಿದ ಜಾಗವನ್ನು ಖಾಲಿ ಬಿಡಬಹುದು.

ಶಂಕಿಸಿದವರು: ಆ ಖಾಲಿ ಜಾಗವನ್ನು ಮುಂದೆ ನೆನಪಿನಿಂದ ತುಂಬಬಾರದೆಂಬ ಕಟ್ಟುಪಾಡೂ ಬೇಕು. ಶ್ವಾರ್ಟ್ಸ್ ತನ್ನ ಬಾಲ್ಯವನ್ನು ನೆನಪಿನಿಂದ ತುಂಬಿದ್ದು ಜೀವನಚರಿತ್ರೆಗೆ ಒಪ್ಪುವಂಥದು. ಸವೆತದ ದಾಖಲೆಯಲ್ಲಿ ಹಾಗೆ ಮಾಡಿದರೆ ಕಂಡದ್ದೂ ಊಹಿಸಿದ್ದೂ ಬೆರೆತು ಎರಡೂ ಕೆಡುತ್ತವೆ.

ಇಂಥ ದಿನಚರಿ ಹೊಸ ಬಟ್ಟೆ ಕೊಳ್ಳುವ ಆಸೆಯನ್ನು ತಗ್ಗಿಸೀತೇ ಎಂಬ ಪ್ರಶ್ನೆಯನ್ನು ಇಬ್ಬರೂ ಬೇಗ ಮುಗಿಸಿದರು. ಕೆನಡಾದ ಟೊರಾಂಟೊ ನಗರದ ಚಿತ್ರಗಾರ್ತಿ ಸಾರಾ ಲಾಜರೋವಿಕ್ ಬಟ್ಟೆಗಳನ್ನು ಕೊಳ್ಳುವುದನ್ನು ಒಂದು ವರ್ಷ ನಿಲ್ಲಿಸಿ, ಆಸೆಪಟ್ಟದ್ದನ್ನು ಕೊಳ್ಳುವ ಬದಲು ಚಿತ್ರಿಸುತ್ತ ಹೋಗಿ, ಆ ಚಿತ್ರಗಳನ್ನು 2014ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದನ್ನು ಸಂಕಲ್ಪಿಸಿದವರು ನೆನಪಿಸಿದರು. ಆಸೆಯನ್ನು ಗೆರೆಗಳಲ್ಲಿ ತಣಿಸಬಹುದೆಂಬುದು ನಿಜವಾದರೂ, ಇರುವ ಬಟ್ಟೆಯನ್ನು ಹತ್ತಾರು ಬಾರಿ ಬರೆದವರಿಗೆ ಅದರ ಮೇಲೆ ಹುಟ್ಟುವ ಅಕ್ಕರೆ ಹೆಚ್ಚು ಬಾಳಿಕೆ ಬರುವಂಥದೆಂದು ಶಂಕಿಸಿದವರೇ ಅಭಿಪ್ರಾಯಪಟ್ಟರು. ಅನಂತರ ಅವರು ಎತ್ತಿದ ಕೊನೆಯ ಪ್ರಶ್ನೆ, ವರ್ಷದ ನಡುವೆ ಬಟ್ಟೆಯೊಂದು ತೊಡಲಾಗದಷ್ಟು ಹರಿದುಹೋದರೆ ದಿನಚರಿ ಅದನ್ನು ಅಲ್ಲಿಗೇ ಕೈಬಿಡಬೇಕೇ ಎಂಬುದಾಗಿತ್ತು.

ಸಂಕಲ್ಪಿಸಿದವರು: ತೊಡುವುದು ನಿಂತ ಮೇಲೆ ಅದು ಉಡುಪಲ್ಲ, ಆದ್ದರಿಂದ ದಿನಚರಿಯ ಎಲ್ಲೆ ಅಲ್ಲಿಗೆ ಮುಗಿಯುತ್ತದೆಂದು ಹೇಳುವುದು ಸ್ಪಷ್ಟವಾದ ದಾರಿ.

ಶಂಕಿಸಿದವರು: ಸ್ಪಷ್ಟವಾದರೂ ಉತ್ತರ ಕರ್ನಾಟಕದ ಮನೆಗಳಲ್ಲಿ ಬಟ್ಟೆಯ ಬಾಳು ಅಲ್ಲಿಗೆ ಮುಗಿಯುವುದಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಜೋಡಿಸಿ, ತೇಪೆಗಳನ್ನು ಕೂಡಿಸಿ, ಸಾಲುಹೊಲಿಗೆ ಹಾಕಿ ಹೊದೆಯುವ ಕೌದಿಯನ್ನು ಮಾಡುತ್ತಾರೆ. ಉತ್ತರ ಕನ್ನಡದ ಕಾಡುಗಳ ಅಂಚಿನಲ್ಲಿ ಬಾಳುವ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯೂ ಇದೇ ಬಗೆಯದು. ಮನೆಯವರು ಕೌದಿಯ ಒಂದೊಂದು ತುಣುಕನ್ನು ತೋರಿಸಿ, ಇದು ಯಾರ ಸೀರೆಯದು, ಅದು ಯಾರ ಅಂಗಿಯದು ಎಂದು ಹೇಳಬಲ್ಲರು. ಬಾರ್ಬರಾ ಜಾನ್ಸನ್ನಳ ಪುಸ್ತಕದಲ್ಲಿ ತೊಡುವ ಮೊದಲಿನ ತುಣುಕುಗಳು ಉಳಿದಂತೆ ಇಲ್ಲಿ ತೊಟ್ಟು ಮುಗಿಸಿದ ಮೇಲಿನ ತುಣುಕುಗಳು ಉಳಿದಿವೆ, ಇವೆರಡರ ನಡುವಿನ ಕಾಲವನ್ನೇ ಈ ದಿನಚರಿ ಬರೆಯಬೇಕಾಗಿರುವುದು. ಹರಿದ ಅಂಗಿ ಕೌದಿಗೆ ಸೇರಲಿ, ನೆಲ ಒರೆಸುವ ಬಟ್ಟೆಯಾಗಲಿ, ಆ ಹೊಸ ಕೆಲಸದಲ್ಲಿ ಅದನ್ನು ಕೊನೆಯ ಬಾರಿಗೆ ಒಮ್ಮೆ ಚಿತ್ರಿಸುವುದು ನ್ಯಾಯ.

ಸಂಕಲ್ಪಿಸಿದವರು: ಹಾಗಿದ್ದರೆ ನಿಯಮಕ್ಕೆ ಒಂದು ತಿದ್ದುಪಡಿ ಸೇರಲಿ. ಬಟ್ಟೆ ತೊಡುವುದು ನಿಂತ ದಿನ ಅದರ ಹೆಸರಿನ ಮುಂದೆ ಅದು ಮೊದಲು ಬಂದ ಪುಟದ ತಾರೀಖನ್ನೂ ಅಲ್ಲಿಂದ ಎಷ್ಟು ಬಾರಿ ಚಿತ್ರಿತವಾಯಿತೆಂಬುದನ್ನೂ ಬರೆಯುವುದು, ಅದು ಹೊಸ ಕೆಲಸಕ್ಕೆ ಇಳಿದಾಗ ಆ ದಿನದ ಪುಟವನ್ನು ಅದಕ್ಕೇ ಕೊಡುವುದು. ಸಂಜೆಯ ಹೊತ್ತು, ಒಂದೇ ಲೇಖನಿ, ಖಾಲಿಯಾದದ್ದು ಖಾಲಿಯಾಗಿಯೇ ಇರುವುದು, ಇವು ಹಾಗೆಯೇ ನಿಲ್ಲಲಿ. ಆದರೆ ಹಿರಿಯರಿಂದ ಬಂದ, ಈಗಾಗಲೇ ಅರ್ಧ ಸವೆದಿರುವ ಸೀರೆಯನ್ನು ಉಟ್ಟ ದಿನ ಯಾರ ಸವೆತವನ್ನು ಬರೆದಂತಾಗುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಶಂಕಿಸಿದವರು: ಅದು ಮೊದಲ ಬಾರಿ ಪುಟಕ್ಕೆ ಬರುವ ಸಂಜೆ, ಆಗಲೇ ಇದ್ದ ತೇಪೆಗಳನ್ನೂ ಹರಕುಗಳನ್ನೂ ಬೇರೊಂದು ಬಣ್ಣದ ಶಾಯಿಯಿಂದ ಗುರುತಿಸಿದರೆ ಹಿಂದಿನವರ ಪಾಲು ಬೇರೆಯಾಗಿ ತಿಳಿಯುತ್ತದೆ. ಲೇಖನಿ ಒಂದೇ ಇರಬೇಕೆಂಬ ನಿಯಮವನ್ನು ಆ ಒಂದು ಸಂದರ್ಭಕ್ಕೆ ಮೀರಲು ಅಡ್ಡಿಯಿಲ್ಲ.